ತೋಟಾ ಕತ್ತರಿಸೋ ಮಷೀನು, ನಮ್ಮ ಮಣಿಕಟ್ಟು

ಮೋಟರ್ ಹಚ್ಚಿದ ಕೇಸ್ ಟ್ರಿಮ್ಮರ್ ತಗೋಳೋ ಮನ್ಯಾಗ ಗಂಡಸರು ಮೊದ್ಲ ಕೇಳೋದು ಒಂದ ಪ್ರಶ್ನಿ: ತಾಸಿಗೆ ಎಷ್ಟು ಕತ್ತರಿಸ್ತದ? ನನ್ನ ಕೇಳಿದ್ರ ಅದು ಕಡೀಕ ಕೇಳಬೇಕಾದ್ದು. ಮೊದ್ಲ ಕೇಳಬೇಕಾದ್ದು ಎರಡು ಅವ. ಈ ಮಷೀನು ಉದ್ದ ಅಳಿಯೋದು ತೋಟಾದ ಬುಡದಿಂದೋ, ಹೆಗಲಿನಿಂದೋ? ಮತ್ತ ಅದರ ಮುಂದ ಸ್ಟೂಲ್ ಹಾಕ್ಕೊಂಡು ಕೂಡೋರು ಯಾರು?

ಧಾರವಾಡದಾಗ ಕೂತು ಓದೋ ಮೌಶಿ, ಕಾಕುಗೋಳಿಗೆ ಇದೇನು ಹೊಸಾ ಪುರಾಣ ಅನಸ್ತಿರಬೇಕು. ಅದಕ್ಕ ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಇಲ್ಲೆ ಅಮೇರಿಕಾದಾಗ ರೈಫಲ್ ಹೊಡ್ಯೋರು ಭಾಳ ಮಂದಿ ತಮ್ಮ ತೋಟಾ ತಾವ ಮನ್ಯಾಗ ತುಂಬ್ಕೋತಾರ. ತೋಟಾ ಅಂದ್ರ ನಾಕು ಭಾಗ: ಹಿತ್ತಾಳಿ ಕೇಸು, ಅದರ ಬುಡದಾಗ ಕಿಡಿ ಹಚ್ಚೋ ಪ್ರೈಮರ್, ಒಳಗ ಮದ್ದು, ಬಾಯಾಗ ಗುಂಡು. ಹೊಡದ ಮ್ಯಾಲೆ ಮದ್ದು ಸುಟ್ಟು ಹೋಗ್ತದ, ಗುಂಡು ಹಾರಿ ಹೋಗ್ತದ, ಹಿತ್ತಾಳಿ ಕೇಸು ಮಾತ್ರ ನಮ್ಮ ಕೈಯಾಗ ಉಳೀತದ. ಅದನ್ನ ತೊಳದು, ಡೈ ಒಳಗ ಒತ್ತಿ ಮೊದಲಿನ ಆಕಾರಕ್ಕ ತಂದು, ಹೊಸಾ ಪ್ರೈಮರ್, ಮದ್ದು, ಗುಂಡು ಹಾಕಿದ್ರ ಮತ್ತ ಒಂದು ತೋಟಾ. ಒಂದ ಡಬ್ಬಿಗೆ ಮತ್ತ ಮತ್ತ ಉಪ್ಪಿನಕಾಯಿ ತುಂಬಿದಂಗ ಅಂತ ತಿಳೀರಿ. ನಾವು ಹೊಡ್ಯೋದು ಕಾಗದಕ್ಕ ಅಷ್ಟ ಮತ್ತ. ನಮ್ಮ ಮನಿಯವರು .308, ಮಗಳು .223, ಇಬ್ಬರೂ ಶನಿವಾರ ರೇಂಜಿಗೆ ಹೋಗಿ ಕಾಗದದಾಗ ತೂತು ಮಾಡಿ ಬರ್ತಾರ. ಬಂದು ಬದನಿಕಾಯಿ ಪಲ್ಯ ರೊಟ್ಟಿ ಉಣ್ತಾರ.

ಊರಾಗಿನ ಹುಡುಗರು ಯಾರರೆ ಇದನ್ನ ಓದಿ ಹುರುಪಾದ್ರ ಮೊದ್ಲ ಹೇಳಿಬಿಡ್ತೀನಿ. ನಮ್ಮ ದೇಶದಾಗ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಮದ್ದುಗುಂಡು ತಯಾರು ಮಾಡೋದು ಅಪರಾಧ. ಕೊಡಗಿನವರಿಗೆ ಬಂದೂಕು ಇಟ್ಕೊಳ್ಳಿಕ್ಕೆ ರಿಯಾಯ್ತಿ ಅದ ಅಂತ ಅದನ್ನ ಇದಕ್ಕ ಜೋಡಸಬ್ಯಾಡ್ರಿ, ಅದು ಇಟ್ಕೊಳ್ಳೋ ಮಾತು. ಇಲ್ಲೆ ಅಮೇರಿಕಾದಾಗ ಸ್ವಂತಕ್ಕ ತುಂಬ್ಕೊಳ್ಳಿಕ್ಕೆ ಕೇಂದ್ರದ ಲೈಸೆನ್ಸ್ ಬೇಕಾಗಂಗಿಲ್ಲ, ಮಾರೋದಾದ್ರ ಬೇಕು. ಆದ್ರ ಎಚ್-1ಬಿ ವೀಸಾದ ಮ್ಯಾಲೆ ಬಂದ ನಮ್ಮ ಹುಡುಗರಿಗೆ ಬಂದೂಕು ಅಷ್ಟ ಅಲ್ಲ, ತೋಟಾ ಇಟ್ಕೊಳ್ಳೋದಕ್ಕೂ ಕೇಂದ್ರದ ಕಾನೂನಿನಾಗ ನಿರ್ಬಂಧ ಅದ. ಬೇಟೆ ಲೈಸೆನ್ಸಿನಂಥ ಒಂದೆರಡು ವಿನಾಯ್ತಿ ಬಿಟ್ರ ಆಗಂಗಿಲ್ಲ. ಗ್ರೀನ್ ಕಾರ್ಡ್ ಬಂದೋರದು ಬ್ಯಾರೆ ಮಾತು. ಮಷೀನಿನ ವಿಚಾರ ಅದಾದ ಮ್ಯಾಲೆ.

ಈಗ ಕತ್ತರಿಸೋದು ಯಾಕ ಅನ್ನೋದು. ಹಿತ್ತಾಳಿ ಮೆತ್ತಗಿನ ಧಾತು. ರೈಫಲ್ ತೋಟಾ ಸೀಸೆ ಇದ್ದಂಗ ಇರ್ತದ, ಕೆಳಗ ಅಗಲ, ಮ್ಯಾಲೆ ಹೆಗಲು, ಅದರ ಮ್ಯಾಲೆ ಸಣ್ಣ ಕುತ್ತಿಗಿ. ಹೊಡದಾಗ ಒಳಗಿನ ಒತ್ತಡಕ್ಕ ಹಿತ್ತಾಳಿ ಉಬ್ಬತದ. ಮುಂದ ನಾವು ಅದನ್ನ ಡೈ ಒಳಗ ಹಾಕಿ ಹಿಂಡಿದಾಗ ಹಿತ್ತಾಳಿಗೆ ಬ್ಯಾರೆ ದಾರಿ ಇಲ್ಲ, ಮ್ಯಾಲೆ ಕುತ್ತಿಗಿ ಕಡೆ ಹರೀತದ. ಚಪಾತಿ ಹಿಟ್ಟು ಮುಷ್ಟಿಯೊಳಗ ಹಿಂಡಿದ್ರ ಬೆರಳಿನ ಸಂದಿಯಿಂದ ಮ್ಯಾಲೆ ಬರಂಗಿಲ್ಲೇನು, ಹಂಗ. ಪ್ರತಿ ಸಲ ಇಂಚಿನ ಸಾವಿರದ ಕೆಲವು ಭಾಗದಷ್ಟು ಉದ್ದ ಆಗ್ತದ. .223 ಕೇಸಿನ ಗರಿಷ್ಠ ಉದ್ದ 1.760 ಇಂಚು, ಕತ್ತರಿಸಿ ತರಬೇಕಾದ್ದು 1.750ಕ್ಕ. .308ಕ್ಕ ಗರಿಷ್ಠ 2.015, ಕತ್ತರಿಸೋದು 2.005ಕ್ಕ. ಎರಡಕ್ಕೂ ನಡುವಿನ ಅಂತರ ಕಾಲು ಮಿಲಿಮೀಟರ್. ಅಷ್ಟರೊಳಗ ಇರಬೇಕು.

ಅದನ್ನ ದಾಟಿದ್ರ ಏನಾಗ್ತದ ಅನ್ನೋದು ಹೆಂಗಸರು ತಿಳಕೊಂಡಿರಬೇಕಾದ ಮಾತು, ಯಾಕಂದ್ರ ಆ ರೈಫಲ್ ಗಲ್ಲಕ್ಕ ಹಚ್ಚಿಕೊಳ್ಳೋದು ನಮ್ಮ ಗಂಡ ಇಲ್ಲಾ ಮಕ್ಕಳು. ರೈಫಲಿನ ಒಳಗ ಕೇಸ್ ಕೂಡೋ ಜಾಗ ಅಳತಿ ಮಾಡಿ ಕೊರದಿರ್ತಾರ, ಅದರ ತುದಿಗೆ ಜಾಗ ಸಣ್ಣಾಗ್ತದ. ಕೇಸ್ ಉದ್ದಾದ್ರ ಅದರ ಬಾಯಿ ಆ ಸಣ್ಣ ಜಾಗಕ್ಕ ಹೋಗಿ ಸಿಕ್ಕೊಂಡು ಗುಂಡನ್ನ ಗಟ್ಟಿ ಹಿಡಕೋತದ. ಗುಂಡು ಬಿಡಂಗಿಲ್ಲ, ಹಿಂದ ಮದ್ದು ಸುಡ್ತಿರ್ತದ, ಒತ್ತಡ ಏರ್ತದ. ಕುಕ್ಕರಿನ ಸೀಟಿ ಮ್ಯಾಲೆ ಕೈ ಇಟ್ಟು ಒತ್ತಿ ಹಿಡದಂಗ. ಹಿಂಗಾಗಿ ಇದು ಚಂದಕ್ಕ ಮಾಡೋ ಕೆಲಸ ಅಲ್ಲ.

ಇನ್ನ ಈ ಕೆಲಸ ಮಾಡೋರು ಯಾರು? ಮದ್ದು ತೂಗೋದು, ಗುಂಡು ಕೂಡ್ಸೋದು, ಯಾವ ಮದ್ದಿಗೆ ಎಷ್ಟು ವೇಗ ಅಂತ ವಹಿಯೊಳಗ ಬರ್ಯೋದು, ಅದೆಲ್ಲಾ ಅವರದು. ಅದು ಒಗ್ಗರಣಿ ಹಾಕೋ ಕೆಲಸ, ಘಮ ಅಲ್ಲೇ ಬರೋದು. ತೊಳ್ಯೋದು, ಒಣಗಸೋದು, ಎಣಸೋದು, ಕತ್ತರಿಸೋದು, ಅಂಚು ಹೆರಿಯೋದು, ಇದು ಸೊಪ್ಪು ಸೋಸೋ ಕೆಲಸ. ಸೊಪ್ಪು ಸೋಸೋ ಕೆಲಸ ಯಾರ ಪಾಲಿಗೆ ಬರ್ತದ ಅಂತ ನಿಮಗ ನಾ ಹೇಳಬೇಕೇನು? ನಮ್ಮ ಮನ್ಯಾಗ ನಾ ಒತ್ತಾಯಕ್ಕ ಮಾಡಂಗಿಲ್ಲ, ಖರೆ ಹೇಳಬೇಕಂದ್ರ ನನಗ ಅದು ಸೇರ್ತದ. ಗ್ಯಾರೇಜಿನಾಗ ರೇಡಿಯೋ ಹಚ್ಕೊಂಡು ಕೂತ್ರ ಶಾವಿಗಿ ಹೊಸೆದಂಗ ಕೈ ತನ್ನಷ್ಟಕ್ಕ ತಾ ನಡೀತದ. ಆದ್ರ ಮಾಡೋರು ನಾವಾದ ಮ್ಯಾಲೆ ಆರಿಸೋರೂ ನಾವಾಗಬೇಕು, ಇದು ನನ್ನ ವಾದ. ನಮ್ಮ ಅವ್ವನ ಕಾಲದಾಗ ಹೂರಣದ ಯಂತ್ರ ತರೋರು ಅಪ್ಪ. ಪ್ಯಾಟಿಗೆ ಹೋಗಿ ಹೊಳಪು ನೋಡಿ ತರ್ತಿದ್ರು. ಅದರ ಹಿಡಿಕಿ ತಿರುಗಿಸೋ ಕೈ ಗಿಡ್ಡದು, ಕಟ್ಟಿ ಎತ್ತರ, ತೋಳು ಬಿದ್ದು ಹೋಗ್ತಾವ ಅನ್ನೋದು ಅವರಿಗೆ ಹೆಂಗ ಗೊತ್ತಾಗಬೇಕು?

ಕೈಯಿಂದ ಕತ್ತರಿಸೋ ಸಾಮಾನಿನ ಬಗ್ಗೆ ಮೊದ್ಲ ಹೇಳ್ತೀನಿ, ಯಾಕಂದ್ರ ಅರ್ಧಾ ಮಂದಿಗೆ ಅದ ಸಾಕು. ಲೀ ಕಂಪನಿದೊಂದು ಪುಟ್ಟ ಸಾಮಾನು ಅದ, ಕತ್ತರಿಸೋ ಅಲಗು, ಅದಕ್ಕೊಂದು ಉದ್ದ ಕಡ್ಡಿ, ಕೇಸಿನ ಬುಡ ಹಿಡಿಯೋ ಒಂದು ಗುಬುಟು. ಎಲ್ಲಾ ಕೂಡಿ ಇಪ್ಪತ್ತು ಡಾಲರಿನ ಆಸುಪಾಸು. ಆ ಕಡ್ಡಿ ಕೇಸಿನ ಬಾಯಿಂದ ಒಳಗ ಹೋಗಿ, ಪ್ರೈಮರಿನ ಕಿಡಿ ಬರೋ ಸಣ್ಣ ತೂತಿನಿಂದ ಹೊರಗ ಬಂದು, ಬುಡ ಹಿಡಿದ ಗುಬುಟಿಗೆ ತಾಗಿದ ಕೂಡ್ಲೆ ಅಲಗು ಕತ್ತರಿಸೋದು ನಿಲ್ಲಸ್ತದ. ಅಳತಿ ಹೊಂದಸೋ ಕೆಲಸನ ಇಲ್ಲ. ಕಡ್ಡಿ ಎಷ್ಟುದ್ದ ಅದನೋ ಅಷ್ಟ ಉದ್ದ ಬರ್ತದ, ನಿದ್ದಿಗಣ್ಣಿನಾಗ ಮಾಡಿದ್ರೂ. ಒಂದೊಂದು ಜಾತಿ ತೋಟಾಕ್ಕ ಒಂದೊಂದು ಕಡ್ಡಿ ಬ್ಯಾರೆ ತಗೋಬೇಕು, ಅಷ್ಟ. ಗುಬುಟನ್ನ ಮನ್ಯಾಗಿನ ಡ್ರಿಲ್ಲಿಗೆ ಸಿಗಿಸಿದ್ರ ಅದ ಮೋಟರ್ ಟ್ರಿಮ್ಮರ್ ಆತು. ಮನ್ಯಾಗ ಒಂದು ರೈಫಲ್, ತಿಂಗಳಿಗೆ ಐವತ್ತು ನೂರು ತೋಟಾ ಅಂದ್ರ ಇದರ ಮುಂದ ಹೋಗಬ್ಯಾಡ್ರಿ. ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು. ಇಷ್ಟು ಸೋವಿ ಸಾಮಾನು ಇಷ್ಟು ನೆಟ್ಟಗ ಅಳೀತದ ಅನ್ನೋದನ್ನ ದೊಡ್ಡ ಮಷೀನು ತಗೊಂಡೋರು ಒಪ್ಪಂಗಿಲ್ಲ, ಬಿಡ್ರಿ.

ಮೂರುನೂರು, ನಾಕುನೂರು ದಾಟಿದ್ರ ಮಾತು ಬ್ಯಾರೆ. ಮಗಳು .223 ಶುರು ಮಾಡಿದ ಮ್ಯಾಲೆ ನಮ್ಮ ಮನ್ಯಾಗ ಅದ ಆತು. ಆ ಪುಟ್ಟ ತೋಟಾ ಭಾಳ ಹೊಡೀತಾರ, ಡಬ್ಬಿಗಟ್ಲೆ ಖಾಲಿ ಕೇಸ್ ಬರ್ತಾವ. ಆವಾಗ ಮೋಟರ್ ಬೇಕು.

ಮೋಟರಿನವು ನೋಡ್ಲಿಕ್ಕೆ ಹತ್ತು ನಮೂನಿ ಇದ್ರೂ ಜಾತಿ ಎರಡ. ಒಂದು ಜಾತಿ ಕೇಸಿನ ಬುಡ ಹಿಡಕೋತದ. ಆರ್‌ಸಿಬಿಎಸ್ ಟ್ರಿಮ್ ಪ್ರೋದಂಥವು, ಫಾರ್‌ಸ್ಟರ್‌ದ್ದಕ್ಕ ಡ್ರಿಲ್ ಹಚ್ಚಿದ್ದು, ಇವೆಲ್ಲಾ ಈ ಜಾತಿ. ಕೇಸನ್ನ ಬುಡ ಕಡೆಯಿಂದ ಗಟ್ಟಿ ಹಿಡಸಿ, ಬಾಯೊಳಗ ಪೈಲಟ್ ಅನ್ನೋ ಕಡ್ಡಿ ತೂರಿಸಿ, ಅಲಗು ತಿರುಗಿಸ್ತಾರ. ಉದ್ದ ಬುಡದಿಂದ ಬಾಯಿ ತನಕ, ನೇರ ಲೆಕ್ಕ. ಹೆಗಲು ಎಲ್ಲೆ ಇರಲಿ ಬಿಡಲಿ, ಇದಕ್ಕ ಸಂಬಂಧ ಇಲ್ಲ. ಆದ್ರ ಒಂದೊಂದು ಕೇಸನ್ನೂ ಹಿಡಸಬೇಕು, ಕತ್ತರಿಸಬೇಕು, ಬಿಡಿಸಬೇಕು. ಬುಡದ ಅಂಚು ರೈಫಲಿನಿಂದ ಹೊರಗ ಬೀಳೋವಾಗ ಜಜ್ಜಿ ಹೋಗಿದ್ರ ಅದು ಸಪಾಟ ಕೂಡಂಗಿಲ್ಲ, ಅಳತಿ ಅಷ್ಟು ಹೆಚ್ಚುಕಡಿಮಿ ಆಗ್ತದ.

ಎರಡನೇ ಜಾತಿ ಹೆಗಲಿನ ಮ್ಯಾಲೆ ಅಳೀತದ. ಕೇಸನ್ನ ಕೈಯಾಗ ಹಿಡದು ಬಾಯಿ ಮುಂದ ಮಾಡಿ ಒಂದು ಬಳಿಯೊಳಗ ಒತ್ತೋದು. ಹೆಗಲು ಹೋಗಿ ಬಳಿಗೆ ತಾಗೋ ತನಕ ಅಲಗು ಕತ್ತರಿಸ್ತದ, ತಾಗಿದ ಮ್ಯಾಲೆ ಕರ್ ಕರ್ ಸಪ್ಪಳ ನಿಂತು ಹೋಗ್ತದ, ತಗೀಬೇಕು, ಮುಂದಿನದು ಹಾಕಬೇಕು. ಹಿಡಸೋದು ಬಿಡಸೋದು ಇಲ್ಲ. ಲೈಮನ್‌ದ ಕೇಸ್ ಟ್ರಿಮ್ ಎಕ್ಸ್‌ಪ್ರೆಸ್, ಫ್ರಾಂಕ್‌ಫರ್ಡ್ ಆರ್ಸೆನಲ್‌ದ ಪ್ಲಾಟಿನಂ, ಡ್ರಿಲ್ಲಿಗೆ ಸಿಗಿಸೋ ವರ್ಲ್ಡ್ಸ್ ಫೈನೆಸ್ಟ್ ಟ್ರಿಮ್ಮರ್ (ಹೆಸರಿಡೋದ್ರಾಗ ಇವರೇನು ಸಂಕೋಚ ಪಟ್ಟಿಲ್ಲ), ಮತ್ತ ಜಿರಾಡ್ ಅನ್ನೋ ದೊಡ್ಡ ಮಷೀನು, ಇವೆಲ್ಲಾ ಈ ಕಡೆದವು. ಲಗೂ ಆಗ್ತದ, ಅನುಮಾನ ಇಲ್ಲ.

ಆದ್ರ ಹೆಗಲಿನಿಂದ ಅಳಿಯೋದ್ರಾಗ ಒಂದು ಗುಟ್ಟು ಅದ, ಅಂಗಡ್ಯಾಗ ಯಾರೂ ಹೇಳಂಗಿಲ್ಲ. ಎಲ್ಲಾ ಕೇಸಿನ ಹೆಗಲು ಒಂದ ಎತ್ತರಕ್ಕ ಇದ್ರ ಅಷ್ಟ ಎಲ್ಲಾದರ ಉದ್ದ ಒಂದ ಬರ್ತದ. ಹೆಗಲು ಎಷ್ಟು ಕೆಳಗ ಹೋಗ್ತದ ಅನ್ನೋದು ಡೈ ಹೆಂಗ ಕೂಡಿಸ್ಯಾರ, ಕೇಸಿಗೆ ಎಣ್ಣಿ ಎಷ್ಟು ಸವರ್ಯಾರ, ಪ್ರೆಸ್ಸಿನ ಹಿಡಿಕಿ ಎಷ್ಟು ಪೂರಾ ಎಳದಾರ, ಇದರ ಮ್ಯಾಲೆ ಅದ. ನಾಕು ಕಡೆಯಿಂದ ಕೂಡಿಸಿದ, ನಾಕು ರೈಫಲಿನಾಗ ಹೊಡದ ಕೇಸು ಕಲಸಿದ್ರ ಹೆಗಲೂ ಕಲಸುಮೇಲೋಗರ, ಉದ್ದಾನೂ ಹಂಗ. ಮಷೀನಿನ ತಪ್ಪಲ್ಲ ಅದು. ಹಿಟ್ಟು ಒಂದ ಹದ ಇಲ್ಲದ ಚಕ್ಕಲಿ ಒರಳಿಗೆ ಬೈದ್ರ ಏನು ಬಂತು? ಇನ್ನೊಂದು, ಎಣ್ಣಿ ಒರಸದ ಕೇಸ್ ಹಾಕಿದ್ರ ಹಿತ್ತಾಳಿ ಚೂರು ಅದಕ್ಕ ಅಂಟಿಕೊಂಡು ಬಳಿಯೊಳಗ ಹೋಗಿ ಕೂಡ್ತಾವ. ಆ ಚೂರಿನ ದಪ್ಪದಷ್ಟು ಹೆಗಲು ಹಿಂದ ಉಳೀತದ, ಕೇಸ್ ಅಷ್ಟು ಉದ್ದ ಉಳೀತದ. ಐವತ್ತಕ್ಕೊಮ್ಮೆ ಬಳಿಯೊಳಗ ಬ್ರಶ್ ಆಡಿಸಿ, ಒಂದು ಕೇಸ್ ಕ್ಯಾಲಿಪರಿನಾಗ ಅಳದು ಮುಂದ ಹೋಗೋದು ನನ್ನ ಪದ್ಧತಿ.

ಇಲ್ಲೇ ಒಹಾಯೋದಾಗಿರೋ ನಮ್ಮ ನಾದಿನಿ ಮಾತು ಬರ್ತದ. ಅವರ ಮನಿಯವರು ಹೆಗಲಿನ ಜಾತಿದೊಂದು ತುಟ್ಟಿ ಮಷೀನು ನೋಡಿ ಇಟ್ಟಾರ. "ವೈನಿ, ಇದು ಎಲ್ಲಾದಕ್ಕೂ ಆಗ್ತದಂತ, ಇವ್ರು ಹೇಳ್ತಾರ" ಅಂದ್ಲು. ಯಾವ್ಯಾವ ತೋಟಾ ತುಂಬ್ತಾರ ಅಂತ ಕೇಳಿದೆ. .308 ಒಂದು, ಮತ್ತ ಆಫೀಸಿನ ಗೆಳ್ಯಾರ ಜೋಡಿ ಜಿಂಕಿ ಬೇಟೆಗೆ ಹೋಗ್ಲಿಕ್ಕೆ 45-70. ಒಹಾಯೋದಾಗ ಜಿಂಕಿಗೆ ರೈಫಲ್ ಒಯ್ಯಬೇಕಂದ್ರ ನೇರ ಗೋಡಿ ಇರೋ ತೋಟಾದ್ದ ಆಗಬೇಕು ಅಂತ ಅಲ್ಲಿಯ ನಿಯಮ. 45-70 ಅಂದ್ರ ಲೋಟ ಇದ್ದಂಗ, ಕೆಳಗಿಂದ ಮ್ಯಾಲೆ ತನಕ ನೆಟ್ಟಗ. ಹೆಗಲೂ ಇಲ್ಲ, ಕುತ್ತಿಗೀನೂ ಇಲ್ಲ. ಹೆಗಲಿಲ್ಲದ ಕೇಸು ಹೆಗಲು ಹಿಡಿಯೋ ಬಳಿಯೊಳಗ ಎಲ್ಲೆ ನಿಲ್ಲಬೇಕು? "ನೇರ ಕೇಸು ಭಾಳ ಉದ್ದ ಆಗಂಗಿಲ್ಲಲ್ಲ, ಅದನ್ನ ಕತ್ತರಿಸೋದ ಬ್ಯಾಡ" ಅಂತ ಅವರ ಮನಿಯವರು ಹಿಂದಿನಿಂದ ಕೂಗಿದ್ರು. ಖರೆ, ಅವು ಸೀಸೆಯಂಥ ಕೇಸಿನಷ್ಟು ಬೆಳ್ಯಂಗಿಲ್ಲ. ಆದ್ರ 45-70 ತೋಟಾನ್ನ ಲಿವರ್ ರೈಫಲಿನ ಕೊಳವಿಯೊಳಗ ಒಂದರ ಹಿಂದೊಂದು ತುಂಬ್ತಾರ, ಹೊಡದಾಗಿನ ಧಕ್ಕಿಗೆ ಗುಂಡು ಒಳಗ ಸರೀಬಾರ್ದು ಅಂತ ಕೇಸಿನ ಬಾಯನ್ನ ಗುಂಡಿನ ಮ್ಯಾಲೆ ಮಡಚತಾರ. ಕಡಬಿನ ಅಂಚು ಒತ್ತಿದಂಗ. ಕೇಸು ಒಂದುದ್ದ ಒಂದು ಗಿಡ್ಡ ಇದ್ರ ಒಂದಕ್ಕ ಮಡಿಕಿ ಗಟ್ಟಿ, ಇನ್ನೊಂದಕ್ಕ ಸಡಲ. ಹಿಂಗಾಗಿ ಒಂದ ಅಳತಿಗೆ ತರಲೇಬೇಕು.

ನಾ ಅಕಿಗೆ ಹೇಳಿದ್ದು ಇಷ್ಟ. 45-70 ವರ್ಷಕ್ಕ ನಲವತ್ತು ಹೊಡದ್ರ ಹೆಚ್ಚು, ಅದಕ್ಕ ಲೀದ ಕಡ್ಡಿ ಅಲಗು ಸಾಕು, ಮನ್ಯಾಗಿನ ಡ್ರಿಲ್ಲಿಗೆ ಹಾಕು. .308 ವಾರಕ್ಕ ನೂರು ಬರೋದಾದ್ರ ಅದಕ್ಕ ಹೆಗಲಿನ ಜಾತಿದು ತಗೋ. ಎರಡಕ್ಕೂ ಒಂದ ಬೇಕು ಅಂತ ಅವರು ಹಟ ಹಿಡದ್ರ ಬುಡ ಹಿಡಿಯೋ ಜಾತಿಗೆ ಬರ್ರಿ, ನಿಧಾನ ಆದ್ರೂ ಅದು ಎಲ್ಲಾದಕ್ಕೂ ಆಗ್ತದ. ಎರಡೂ ಕೆಲಸಕ್ಕ ಆಗ್ತದ ಅಂತ ಹೇಳಿ ಒಂದಕ್ಕ ಅಷ್ಟ ಆಗೋ ಮಷೀನಿಗೆ ನಾಕು ಕಾಸು ಹೆಚ್ಚು ಕೊಡೋದು ನನಗ ಸರಿ ಕಾಣಂಗಿಲ್ಲ.

ಈಗ ಮಣಿಕಟ್ಟಿನ ಮಾತಿಗೆ ಬರ್ತೀನಿ, ನನ್ನ ಅಭಿಪ್ರಾಯದ ಗಟ್ಟಿ ಭಾಗ ಇದ. ಕತ್ತರಿಸೋದು ಕೆಲಸದ ಮೂರನೇ ಒಂದು ಪಾಲು ಅಷ್ಟ. ಕತ್ತರಿಸಿದ ಬಾಯಿ ಚೂಪಾಗಿ, ಒರಟಾಗಿ ಇರ್ತದ. ಒಳಗಿನ ಅಂಚು ಇಳಿಜಾರು ಮಾಡಿ ಹೆರೀಬೇಕು, ಇಲ್ಲಾಂದ್ರ ಗುಂಡು ಕೂಡಿಸೋವಾಗ ಅದರ ತಾಮ್ರದ ಮೈ ಗೀರತದ. ಹೊರಗಿನ ಅಂಚಿನ ಮುಳ್ಳೂ ತಗೀಬೇಕು. ಕೈಯಾಗ ಹಿಡಿಯೋ ಉಪಕರಣ ಅದ, ಒಂದು ತುದಿ ಒಳಗಿಂದಕ್ಕ, ಇನ್ನೊಂದು ತುದಿ ಹೊರಗಿಂದಕ್ಕ. ಒಂದು ಕೇಸಿಗೆ ಒಳಗ ಮೂರು ತಿರುವು, ಹೊರಗ ಮೂರು ತಿರುವು. ಐದುನೂರು ಕೇಸಿಗೆ ಮೂರು ಸಾವಿರ ತಿರುವು, ಎಲ್ಲಾ ಮಣಿಕಟ್ಟಿನ ಮ್ಯಾಲೆ. ಅದರ ಮರುದಿನ ಹಿಟ್ಟು ನಾದ್ಲಿಕ್ಕೆ ಹೋದ್ರ ಗೊತ್ತಾಗ್ತದ. ನಲವತ್ತೈದು ದಾಟಿದ ಮ್ಯಾಲೆ ನಮ್ಮ ಕೈಯಾಗ ರಾತ್ರಿ ಜೋಮು ಹಿಡಿಯೋದು ಮೊದ್ಲ ಶುರುವಾಗಿರ್ತದ, ಅದರ ಮ್ಯಾಲೆ ಇದೊಂದು.

ಮೋಟರ್ ತಗೊಂಡೆವು ಅಂತ ಹಿಗ್ಗೋ ಎಷ್ಟೋ ಮನ್ಯಾಗ ಮೋಟರ್ ಉದ್ದ ಅಷ್ಟ ಕತ್ತರಿಸ್ತದ, ಅಂಚು ಹೆರಿಯೋದು ಇನ್ನೂ ಕೈಯಿಂದನ. ಅಂದ್ರ ಸೋಪಾದ ಪಾಲು ಮಷೀನಿಗೆ, ಕಠಿಣ ಪಾಲು ಹೆಂಡ್ತಿಗೆ! ರೊಕ್ಕ ಹಾಕೋದಾದ್ರ ಮೂರೂ ಕೆಲಸ ಒಂದ ಸಲ ಮಾಡೋ ಅಲಗಿಗೆ ಹಾಕ್ರಿ. ಜಿರಾಡ್ ಮಷೀನಿನಾಗ ಮೂರು ಮುಖದ ಕಾರ್ಬೈಡ್ ಅಲಗು ಇರ್ತದ, ಒಂದ ಒತ್ತಿಗೆ ಉದ್ದ ಕತ್ತರಿಸಿ, ಒಳಗ ಹೊರಗ ಎರಡೂ ಅಂಚು ಹೆರದು ಬಿಡ್ತದ. ಅದರ ಸಣ್ಣ ತಂಗಿ ಟ್ರೈ-ವೇ ಅಂತ ಅದ, ಡ್ರಿಲ್ಲಿಗೆ ಸಿಗಿಸೋದು, ಮೂರೂ ಕೆಲಸ ಅದೂ ಮಾಡ್ತದ. ಆರ್‌ಸಿಬಿಎಸ್‌ನವರೂ ತಮ್ಮ ಬುಡ ಹಿಡಿಯೋ ಟ್ರಿಮ್ಮರಿಗೆ ಮೂರು ಕೆಲಸದ ಅಲಗು ಬ್ಯಾರೆ ಮಾರತಾರ, ಒಂದೊಂದು ಅಳತಿ ಬಾಯಿಗೆ ಒಂದೊಂದು. ಅದು ಬ್ಯಾಡಾದ್ರ ಒಂದ ಮೋಟರಿಗೆ ಕತ್ತರಿಸೋದು ಒಂದು ಕಡೆ, ಅಂಚು ಹೆರಿಯೋ ತುದಿ ಒಂದು ಕಡೆ ತಿರುಗೋ ಮಷೀನೂ ಅವ. ಫ್ರಾಂಕ್‌ಫರ್ಡ್‌ದ್ದು ಹಂಗ. ಕೈ ಮೂರು ಸಲ ಹೋಗ್ತದ, ಆದ್ರ ತಿರುವೋದು ಮೋಟರಿನ ಪಾಲು.

ಮೂರು ಕೆಲಸದ ಅಲಗಿಗೂ ಅದರದ ಒಂದು ಕಾಟ ಅದ. .223ರಿಂದ .308ಕ್ಕ ಹೋಗಬೇಕಂದ್ರ ಬಾಯಿ ಅಗಲ ಬ್ಯಾರೆ, ಅಲಗು ಸರಿಸಬೇಕು, ಒಳಗೆಷ್ಟು ಹೊರಗೆಷ್ಟು ಹೆರೀಬೇಕು ಅನ್ನೋದು ಹೊಂದಸಬೇಕು. ಅದು ಒಂದು ಅರ್ಧಾ ತಾಸಿನ ತಾಳ್ಮಿ. ಅದಕ್ಕ ನಾ .223 ಒಂದು ದೊಡ್ಡ ಡಬ್ಬಿ ತುಂಬೋ ತನಕ ಕಾಯ್ತೀನಿ, ಎಲ್ಲಾ ಒಂದ ದಿನ ಮುಗಸ್ತೀನಿ, ಆಮ್ಯಾಲೆ .308ಕ್ಕ ಹೋಗ್ತೀನಿ. ದಿನಾ ಹತ್ತಿಪ್ಪತ್ತು ಕಲಸಿ ಮಾಡೋರಿಗೆ ಈ ಮಷೀನು ಒಗ್ಗಂಗಿಲ್ಲ. ಮತ್ತ ಮೋಟರ್ ಬಂದ್ರೂ ಬೆರಳು ಪೂರಾ ಪಾರಾಗಂಗಿಲ್ಲ. ಕೇಸು ಅಲಗಿನ ಜೋಡಿ ತಾನೂ ತಿರುಗ್ಲಿಕ್ಕೆ ನೋಡ್ತದ, ಅದನ್ನ ಎರಡು ಬೆರಳಿನಾಗ ಗಟ್ಟಿ ಹಿಡೀಬೇಕು, .223 ಕೇಸು ಸಣ್ಣದು, ಬೆರಳ ತುದಿ ಉರೀತಾವ. ಅಂಗಡ್ಯಾಗ ನೋಡೋ ಅವಕಾಶ ಇದ್ರ ಒಂದು ಹತ್ತು ಕೇಸ್ ಒಯ್ದು ನೀವ ಸ್ವತಃ ಒತ್ತಿ ನೋಡ್ರಿ. ಅವರ ದಪ್ಪ ಬೆರಳಿಗೆ ಹಗುರ ಅನಿಸಿದ್ದು ನಮಗ ಅನಿಸಂಗಿಲ್ಲ.

ರೊಕ್ಕ ಉಳೀತದ ಅನ್ನೋ ಮಾತು ಮಾತ್ರ ನನ್ನ ಮುಂದ ಹೇಳಬ್ಯಾಡ್ರಿ. ಒಂದು ತೋಟಾಕ್ಕ ಉಳಿಯೋದು ಖರೆ. ಉಳದದ್ದಕ್ಕ ಎರಡು ಪಟ್ಟು ಹೊಡದು ಬರ್ತಾರ. ದೊಡ್ಡ ಮಷೀನಿಗೆ ನೂರುಗಟ್ಲೆ ಡಾಲರ್ ಹೋಗ್ತಾವ. ಹವ್ಯಾಸಕ್ಕ ಹಾಕಿದ್ವಿ ಅಂತ ಹೇಳಿ ಹಾಕ್ರಿ, ಉಳಿತಾಯದ ಹೆಸರಿನಾಗ ಬ್ಯಾಡ.

ಟ್ರಿಮ್ಮರ್ ಬಂದ್ರ ಎಲ್ಲಾ ಸುರಕ್ಷಿತ ಅನ್ನೋ ನಂಬಿಕಿನೂ ಸರಿ ಅಲ್ಲ. ಕುತ್ತಿಗಿ ಉದ್ದ ಆಗ್ಲಿಕ್ಕೆ ಹಿತ್ತಾಳಿ ಎಲ್ಲಿಂದರೆ ಬರಬೇಕಲ್ಲ? ಕೇಸು ಹಿಗ್ಗೋ ಜಾಗ ಬುಡದ ಸ್ವಲ್ಪ ಮ್ಯಾಲೆ, ಅಲ್ಲೆ ಒಳಗಿಂದ ತೆಳುವಾಗ್ತಾ ಹೋಗ್ತದ. ಡೈ ಹೆಗಲನ್ನ ಅತೀ ಹಿಂದ ದಬ್ಬತಿದ್ರ ಇದು ಲಗೂ ಆಗ್ತದ, ಒಂದಿನ ರೈಫಲಿನೊಳಗನ ಬುಡ ಬ್ಯಾರೆ, ಮೈ ಬ್ಯಾರೆ ಆಗ್ತದ. ಬುಡದ ಮ್ಯಾಲೆ ಸುತ್ತ ಹೊಳಿಯೋ ಗೆರಿ ಕಂಡ್ರ, ಇಲ್ಲಾ ಪೇಪರ್ ಕ್ಲಿಪ್ಪಿನ ತಂತಿ ತುದಿ ಬಾಗಿಸಿ ಒಳಗ ಬಿಟ್ಟು ಮ್ಯಾಲೆ ಎಳದಾಗ ಒಂದು ತೆಗ್ಗು ತಾಗಿದ್ರ, ಆ ಕೇಸು ಕಸಕ್ಕ. ಅಂಥಾದ್ದಕ್ಕ ಬಾಯಿ ಕತ್ತರಿಸಿ ಚಂದ ಮಾಡಿದ್ರ ಎತ್ತಿಗೆ ಜ್ವರ ಬಂದಾಗ ಎಮ್ಮಿಗೆ ಬರಿ ಎಳದಂಗ ಆತು. ಕೈಯಿಂದ ಮಾಡೋವಾಗ ಒಂದೊಂದು ಕೇಸೂ ಕಣ್ಣ ಮುಂದ ನಿಧಾನ ಹಾಯ್ತಿತ್ತು, ಮೋಟರಿಗೆ ಕೂತ್ರ ಕೈ ಓಡ್ತದ, ಕಣ್ಣು ಓಡಂಗಿಲ್ಲ. ಅದಕ್ಕ ನೋಡೋ ಕೆಲಸ ಮೊದ್ಲ ಬ್ಯಾರೆ ಕೂತು ಮುಗಸ್ತೀನಿ, ಕಿಡಕಿ ಬೆಳಕಿನಾಗ.

ಮಷೀನು ಎಲ್ಲೆ ಇಡೋದು ಅನ್ನೋದ್ರಾಗ ನಾ ಯಾರ ಮಾತೂ ಕೇಳಂಗಿಲ್ಲ. ಊಟದ ಟೇಬಲ್ ಮ್ಯಾಲೆ ಬ್ಯಾಡ, ಅಡಿಗಿ ಕಟ್ಟಿ ಮ್ಯಾಲಂತೂ ಬ್ಯಾಡೇ ಬ್ಯಾಡ. ಪ್ರೈಮರಿನಾಗ ಸಾಮಾನ್ಯವಾಗಿ ಸೀಸ ಇರ್ತದ, ಹೊಡದ ಕೇಸಿನ ಒಳಗಿನ ಮಸಿಯೊಳಗ ಅದು ಉಳದಿರ್ತದ. ಮಕ್ಕಳ ರಕ್ತದಾಗ ಇಷ್ಟು ಸೀಸ ಇದ್ರ ಏನೂ ಆಗಂಗಿಲ್ಲ ಅನ್ನೋ ಮಟ್ಟ ಗೊತ್ತಿಲ್ಲ ಅಂತ ಇಲ್ಲಿಯ ಸಿಡಿಸಿ ಹೇಳ್ತದ, 2021ರಾಗ ಎಚ್ಚರಿಕಿ ಅಂಕಿಯನ್ನ ಡೆಸಿಲೀಟರಿಗೆ 3.5 ಮೈಕ್ರೋಗ್ರಾಮಿಗೆ ಇಳಿಸ್ಯಾರ. ಸಿಂಧೂರದಾಗ ಸೀಸ ಅದ ಅಂತ ಸುದ್ದಿ ಬಂದಾಗ ನಾವೆಲ್ಲಾ ಡಬ್ಬಿ ಒಗದೆವಲ್ಲ, ಗಂಡನ ಹವ್ಯಾಸದ ಮಸಿಗೆ ಯಾಕ ಸುಮ್ಮನಿರಬೇಕು? ಪ್ರೈಮರ್ ತಗದ ಕೇಸನ್ನ ನೀರಿನಾಗ ತೊಳದು ಒಣಗಿಸಿದ ಮ್ಯಾಲೆ ಅಷ್ಟ ನನ್ನ ಟ್ರಿಮ್ಮರಿನ ಕಡೆ ಬರಬೇಕು. ಒಣಾ ಟಂಬ್ಲರಿನ ಧೂಳು ಮನ್ಯಾಗ ಎಬ್ಬಸಂಗಿಲ್ಲ. ಕೂಡೋದಕ್ಕ ಒಂದು ಹಳೇ ಏಪ್ರನ್, ಅದು ಮಕ್ಕಳ ಅರಿವಿ ಜೋಡಿ ಮಷೀನಿಗೆ ಬೀಳಂಗಿಲ್ಲ. ಎದ್ದ ಕೂಡ್ಲೆ ಸಾಬೂನಿನಿಂದ ಕೈ ತೊಳ್ಯೋದು, ಅದಾದ ಮ್ಯಾಲೆ ಕೂಸನ್ನ ಎತ್ಕೊಳ್ಳೋದು. ಹಿತ್ತಾಳಿ ಚೂರು ಸೂಜಿ ಇದ್ದಂಗ, ಕಾರ್ಪೆಟಿನಾಗ ಬಿದ್ರ ಅಂಬೆಗಾಲಿಡೋ ಕೂಸಿಗೆ ಸಿಗ್ತಾವ. ಗ್ಯಾರೇಜಿನ ಸಿಮೆಂಟಿನ ನೆಲದ ಮ್ಯಾಲೆ ಹಸೀ ಅರಿವಿಯಿಂದ ಒರಸ್ತೀನಿ, ಕಸಬರಗಿ ಹಾಕಿ ಹಾರಸಂಗಿಲ್ಲ. ಮದ್ದಿನ ಡಬ್ಬಿ ಆ ಟೇಬಲಿಗೆ ಬರಂಗಿಲ್ಲ, ಮೋಟರ್ ತಿರುಗೋವಾಗಂತೂ.

ನಮ್ಮ ಹೆಂಗಸರಿಗೆ ಅಂತ ಮಷೀನಿನ ಪುಸ್ತಕದಾಗ ಬರೀದ ಮಾತು ಇನ್ನೊಂದು. ತಿರುಗೋ ಮೋಟರಿನ ಮುಂದ ಕೂಡೋವಾಗ ಓಢಣಿ ಬ್ಯಾಡ, ಸೆರಗಿದ್ರ ಸಿಗಿಸಿ ಕಟ್ಟರಿ, ಬಳಿ ತಗದು ಇಡ್ರಿ, ತಾಳಿ ಒಳಗ ಹಾಕ್ಕೋರಿ, ಜಡಿ ಹಿಂದ ಗಂಟು. ಚೂರು ಹಾರ್ತಾವ ಅಂತ ಕನ್ನಡಕ ಬೇಕು, ಆದ್ರ ತಿರುಗೋ ಅಲಗಿನ ಹತ್ರ ಅರಿವಿ ಕೈಚೀಲ ಹಾಕಬ್ಯಾಡ್ರಿ, ಅದು ಸಿಕ್ಕೊಂಡ್ರ ಬೆರಳನ್ನೂ ಎಳಕೋತದ.

ಯಾವುದ ತಗೋರಿ, ಬಂದ ದಿನ ಹೊಸಾ ಡಬ್ಬಿ ಒಡದ ಖುಷಿಯೊಳಗ ಐದುನೂರು ಕತ್ತರಿಸ್ಲಿಕ್ಕೆ ಕೂಡಬ್ಯಾಡ್ರಿ. ಒಂದ ರೈಫಲಿನಾಗ ಹೊಡದ, ಒಂದ ಸಲಕ್ಕ ಡೈಗೆ ಹಾಕಿದ ಹತ್ತು ಕೇಸ್ ತಗೋರಿ. ಕತ್ತರಿಸಿ, ಹತ್ತನ್ನೂ ಕ್ಯಾಲಿಪರಿನಾಗ ಅಳದು ಚೀಟಿ ಮ್ಯಾಲೆ ಬರೀರಿ. ಎಲ್ಲಾಕ್ಕಿಂತ ಉದ್ದದ್ದಕ್ಕೂ ಎಲ್ಲಾಕ್ಕಿಂತ ಗಿಡ್ಡದ್ದಕ್ಕೂ ಇಂಚಿನ ಸಾವಿರದ ಎರಡು ಮೂರು ಭಾಗ ಅಂತರ ಇದ್ರ ನಮ್ಮ ಕೆಲಸಕ್ಕ ಸಾಕು. ಆರೇಳು ಭಾಗ ಬಂದ್ರ ಬಳಿ ತಿಕ್ಕಿ, ಎಣ್ಣಿ ಒರಸಿ, ಡೈ ಹೆಂಗ ಕೂಡ್ಯದ ನೋಡಿ ಇನ್ನೊಮ್ಮೆ ಹತ್ತು. ಆಗಲೂ ಅಷ್ಟ ಬಂದ್ರ ಡಬ್ಬಿಗೆ ವಾಪಸ್ ಹಾಕಿ ಟೇಪ್ ಹಚ್ಚರಿ. ಅಂಗಡಿಯವರು ವಾಪಸ್ ತಗೋಳೋ ದಿನ ಇನ್ನೂ ಮುಗದಿರಂಗಿಲ್ಲ. ಬಿಲ್ಲು ಮಾತ್ರ ನಿಮ್ಮ ಕಡೆ ಇಟ್ಕೋರಿ, ಅವರ ಕಡೆ ಕೊಡಬ್ಯಾಡ್ರಿ.